ಕಂಬದ ಮೇಲಿನ ಕೋಟು

ಫೆಬ್ರವರಿ 3

‘ಗೂಬೆ’ ಎಂಬ ಹೆಸರಿನವರಿಗೆ,

ನಮಸ್ಕಾರ. ನಿಮ್ಮ ನಿಜವಾದ ಹೆಸರು ನನಗೆ ಗೊತ್ತಿಲ್ಲ. ಲಕೋಟೆಯ ಹಿಂಬದಿಯಲ್ಲಿ ವಿಳಾಸದ ಪಕ್ಕ ಒಂದು ಗೂಬೆಯ ಚಿತ್ರ ಮಾತ್ರ ಇದೆ. ತಮ್ಮನ್ನು ತಾವೇ ಗೂಬೆ ಎಂದು ಕರೆದುಕೊಳ್ಳುವವರು ಕೆಟ್ಟವರಿರಲಾರರು ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ನೀವು ಲಕೋಟೆಯ ಮೇಲೆ ‘ಅಳಿಲು’ ಎಂದು ಬರೆಯುತ್ತಿದ್ದ ಹುಡುಗಿ ನನ್ನ ಮಗಳು. ನವೆಂಬರ್ ಕೊನೆಯಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡಳು. ಆಮೇಲೂ ನಿಮ್ಮಿಂದ ಎರಡು ಕಾಗದ ಬಂದವು. ಅವಳ ಹೆಸರಿಗೆ ಬಂದದ್ದನ್ನು ನಾನು ಒಡೆಯಲಿಲ್ಲ. ಆದರೆ ನೀವು ಉತ್ತರಕ್ಕೆ ಕಾಯುತ್ತಿರುತ್ತೀರಿ ಎಂಬುದು ಮನಸ್ಸಿಗೆ ಚುಚ್ಚುತ್ತಲೇ ಇತ್ತು. ಇಷ್ಟು ತಡವಾಗಿ ತಿಳಿಸುತ್ತಿರುವುದಕ್ಕೆ ಕ್ಷಮಿಸಿ. ತೀರಿಕೊಂಡಳು ಎಂಬ ಮಾತನ್ನು ಬಾಯಲ್ಲಿ ಹೇಳಿದ್ದೆ, ಕೈಯಲ್ಲಿ ಬರೆದಿರಲಿಲ್ಲ.

ಅವಳ ತಾಯಿ ಅವಳು ಚಿಕ್ಕವಳಿದ್ದಾಗಲೇ ಹೋದಳು. ಮನೆಯಲ್ಲಿ ನಾವಿಬ್ಬರೇ ಇದ್ದೆವು. ನಾನು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯ ಹಿಂಭಾಗದಲ್ಲಿ ಆಲ್ಟರೇಷನ್ ಕೆಲಸ ಮಾಡುತ್ತೇನೆ. ಪ್ಯಾಂಟು ಗಿಡ್ಡ ಮಾಡುವುದು, ಸೊಂಟ ಬಿಡಿಸುವುದು, ಜಿಪ್ ಹಾಕುವುದು. ಓದಿದ್ದು ಹತ್ತನೆಯವರೆಗೆ, ಅದೂ ಕಷ್ಟದಲ್ಲಿ.

ಕೊನೆಯ ತಿಂಗಳುಗಳಲ್ಲಿ ಅವಳು ಒಂದೇ ಪುಸ್ತಕ ಹಿಡಿದಿದ್ದಳು. ಮೆಟ್ಟಿಲುಗಳ ಚಿತ್ರ ತುಂಬಿದ ದಪ್ಪ ಪುಸ್ತಕ. ಬಲಗೈಗೆ ಡ್ರಿಪ್ಪಿನ ಸೂಜಿ ಇದ್ದುದರಿಂದ ಎಡಗೈಯಲ್ಲೇ ಪುಟ ಮಗುಚುತ್ತಿದ್ದಳು, ಹಿಂದಿನಿಂದ ಮುಂದಕ್ಕೆ. ಓದಿ ಮುಗಿಸಿ ಮತ್ತೆ ತಿರುವಿ ಹಾಕುತ್ತಿದ್ದಾಳೆ ಎಂದುಕೊಳ್ಳುತ್ತಿದ್ದೆ. ಅಂಚುಗಳೆಲ್ಲ ಮುದುಡಿ ಹೋಗಿದ್ದವು. ಶಾಲೆ ಪುಸ್ತಕಗಳಿಗೆ ಹಾಕುತ್ತಿದ್ದ ಹಾಗೆ ಅದಕ್ಕೂ ಖಾಕಿ ಕಾಗದದ ಹೊದಿಕೆ ಹಾಕಿದ್ದೇನೆ. ಮೊದಲ ಪುಟದಲ್ಲಿ ಏನೋ ದಪ್ಪಕ್ಷರದ ನೋಟೀಸು, ಬಾಣದ ಗುರುತು ಇತ್ತು, ಔಷಧಿ ಡಬ್ಬಿಯ ಮೇಲೆ ಇರುತ್ತದಲ್ಲ ಅಂಥದ್ದು. ಹೊದಿಕೆಯ ಮಡಿಕೆಯನ್ನು ಅದರ ಮೇಲೆಯೇ ಅಂಟಿಸಿದೆ, ಗಟ್ಟಿಯಾಗಿ ನಿಂತಿದೆ.

ಅದು ಎಂಥ ಪುಸ್ತಕ, ಅವಳಿಗೆ ಅದರಲ್ಲಿ ಏನು ಸಿಕ್ಕಿತು ಎಂದು ನಿಮಗೆ ಗೊತ್ತಿದ್ದರೆ ಎರಡು ಸಾಲು ಬರೆಯಿರಿ.

ಇತಿ,
ಅಳಿಲಿನ ಅಪ್ಪ

ಫೆಬ್ರವರಿ 17

ಅಂಕಲ್,

ನಿಮ್ಮ ಪತ್ರವನ್ನು ನಾನು ಕೆಲಸ ಮಾಡುವ ಗೋದಾಮಿನ ಮೆಟ್ಟಿಲ ಮೇಲೆ ಕೂತು ಓದಿದೆ. ಓದಿ ಒಳಗೆ ಹೋಗಿ, ಔಷಧಿ ಪೆಟ್ಟಿಗೆಗಳಿಗೆಲ್ಲ ಲೇಬಲ್ಲನ್ನು ತಲೆಕೆಳಗಾಗಿ ಅಂಟಿಸಿ ಮೇಲ್ವಿಚಾರಕರ ಕೈಲಿ ಬೈಸಿಕೊಂಡೆ. ಬೈದದ್ದು ಒಳ್ಳೆಯದೇ ಆಯಿತು. ಅಳುವುದಕ್ಕೆ ಒಂದು ನೆಪ ಬೇಕಿತ್ತು.

ದಯವಿಟ್ಟು ನನ್ನನ್ನು ‘ನೀನು’ ಅನ್ನಿ. ನಾನು ನಿಮ್ಮ ಮಗಳಿಗಿಂತ ಎರಡು ವರ್ಷ ದೊಡ್ಡವಳು, ಅಷ್ಟೇ. ರಾತ್ರಿ ಪಾಳಿಯವಳಾದ್ದರಿಂದ ಗೂಬೆ. ಅವಳು ಒಂದು ಕಡೆ ಕೂರದವಳು, ಸಿಕ್ಕಿದ್ದನ್ನೆಲ್ಲ ಬಚ್ಚಿಡುವವಳು, ಅದಕ್ಕೆ ಅಳಿಲು. ನಾವು ಒಬ್ಬರನ್ನೊಬ್ಬರು ನೋಡಿಲ್ಲ. ಈ ಪುಸ್ತಕ ಇಷ್ಟಪಡುವವರ ಒಂದು ಗುಂಪು ಫೋನಿನಲ್ಲಿ ಇದೆ. ಅಲ್ಲಿ ಪರಿಚಯ. ಫೋನಿನಲ್ಲಿ ಎಲ್ಲರೂ ಬರೀ ಜಗಳವಾಡುತ್ತಾರೆ, ನಾವಿಬ್ಬರೂ ಕಾಗದದಲ್ಲಿ ಮಾತಾಡೋಣ ಅಂತ ಅವಳೇ ಶುರು ಮಾಡಿದಳು.

ಅದು ಜಪಾನಿನ ಚಿತ್ರಕಥೆ ಅಂಕಲ್. ಅಂಥವನ್ನು ಮಾಂಗಾ ಅನ್ನುತ್ತಾರೆ. ಇದಕ್ಕೆ ನಾವೆಲ್ಲ ‘ಮೆಟ್ಟಿಲು’ ಅಂತಲೇ ಹೇಳುವುದು. ಬರುವ ಆಗಸ್ಟಿನಲ್ಲಿ ಇದು ಸಿನಿಮಾ ಆಗಿ ಬರುತ್ತಿದೆ, ನಿಜವಾದ ನಟರನ್ನು ಹಾಕಿ. ಅಂಥದ್ದಕ್ಕೆ ಲೈವ್ ಆಕ್ಷನ್ ಅಂತ ಹೆಸರು. ನಮ್ಮ ಗುಂಪಿನಲ್ಲಿ ಆ ಎರಡು ಪದ ಹೇಳಿದರೆ ಮದುವೆಮನೆಯಲ್ಲಿ ಹಾವು ಬಿಟ್ಟ ಹಾಗೆ. ನಾವು ವರ್ಷಗಟ್ಟಲೆ ಮನಸ್ಸಿನಲ್ಲಿಟ್ಟುಕೊಂಡ ಮುಖಕ್ಕೆ ಯಾರೋ ವಿಗ್ಗು ಹಾಕಿಕೊಂಡು ಬಂದು ‘ಅದು ನಾನೇ’ ಅನ್ನುತ್ತಾರೆ. ಹೊಟ್ಟೆ ಉರಿಯುತ್ತದೆ. ಆ ಗುಂಪಿನಲ್ಲಿ ಎಲ್ಲರಿಗಿಂತ ಜೋರಾಗಿ ಕಿರುಚುವವಳು ನಾನು. ಅಳಿಲು ನನಗೆ ‘ಕಿರುಚೋ ಗೂಬೆ’ ಅನ್ನುತ್ತಿದ್ದಳು.

ಪುಸ್ತಕದ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಅವಸರ ಮಾಡಿ ಓದಬೇಡಿ. ಅದು ಸುಲಭದ ಪುಸ್ತಕವಲ್ಲ.

ಗೂಬೆ

ಮಾರ್ಚ್ 5

ಗೂಬಮ್ಮ,

ನೀನು ಅವಸರ ಬೇಡ ಎಂದಿದ್ದೆ, ಅಷ್ಟರಲ್ಲಿ ಓದಿಬಿಟ್ಟಿದ್ದೆ. ಒಂದು ಸಲವಲ್ಲ, ಹಲವು ಸಲ. ಸುಲಭದ ಪುಸ್ತಕವಲ್ಲ ಎಂದು ಏಕೆ ಹೇಳಿದೆಯೋ ತಿಳಿಯಲಿಲ್ಲ. ಇಂಗ್ಲಿಷಿನ ಮಾತು ಅಲ್ಲೊಂದು ಇಲ್ಲೊಂದು, ಅವನ್ನು ಬಿಟ್ಟರೂ ಚಿತ್ರಗಳೇ ಎಲ್ಲವನ್ನೂ ಹೇಳುತ್ತವೆ.

ಮೊದಲಿಗೆ ಏನೂ ಇಲ್ಲ, ಬಿಳಿ ಸಮುದ್ರ. ದಡದಲ್ಲಿ ಒಂದು ದೀಪದ ಕಂಬ, ಅದರ ಕೊಕ್ಕೆಗೆ ಒಂದು ಕೋಟು. ದೂರದ ಮೆಟ್ಟಿಲುಗಳ ಮೇಲೆ ಇರುವೆಯಷ್ಟು ಚಿಕ್ಕದಾಗಿ ಒಬ್ಬ ಮನುಷ್ಯ. ಅವನು ಇಳಿದು ಬಂದು ಕೋಟನ್ನು ಕೊಕ್ಕೆಯಿಂದ ತೆಗೆದು ಕೈಯಲ್ಲಿ ಹಿಡಿದು ನಿಲ್ಲುತ್ತಾನೆ. ಸಮುದ್ರದಲ್ಲಿ ಆಗ ಇನ್ನೂ ಏನೂ ಕಾಣುವುದಿಲ್ಲ. ಬರುತ್ತಾಳೆ ಎಂದು ಅವನಿಗೆ ಮೊದಲೇ ಗೊತ್ತು! ಆಮೇಲೆ ಒಂದು ಚುಕ್ಕೆ, ಚುಕ್ಕೆ ದೋಣಿಯಾಗುತ್ತದೆ, ದೋಣಿಯಲ್ಲಿ ಒಂದು ಹುಡುಗಿ. ತಲೆಯಲ್ಲಿ ಕೂದಲಿಲ್ಲ, ಮೈ ಬರೀ ಮೂಳೆ. ಅವಳ ಕೈಗೆ ಅವನು ಕೋಟು ಕೊಡುತ್ತಾನೆ. ಅಲ್ಲಿಂದ ಅವಳು ಮೆಟ್ಟಿಲು ಹತ್ತುತ್ತಾಳೆ. ದಾರಿಯಲ್ಲಿ ಸಿಕ್ಕಿದವರೆಲ್ಲ ಅವಳಿಗೆ ಒಂದೊಂದು ವಸ್ತು ಕೊಡುತ್ತಾರೆ. ಒಬ್ಬಳು ಅಜ್ಜಿ ಬಾಚಣಿಗೆ, ಒಬ್ಬ ಚಪ್ಪಲಿ, ಇನ್ನೊಬ್ಬ ಒಂದು ಪುಟ್ಟ ಗಂಟೆ. ಹತ್ತಿದ ಹಾಗೆ ಕೂದಲು ಬೆಳೆಯುತ್ತದೆ, ಕೆನ್ನೆ ತುಂಬುತ್ತದೆ. ಕೊನೆಗೆ ಎತ್ತರದಲ್ಲೊಂದು ಮನೆ, ಎಲ್ಲರೂ ಊಟಕ್ಕೆ ಕೂತಿದ್ದಾರೆ, ಅವಳು ನಡುವೆ ಕೂತು ನಗುತ್ತಿದ್ದಾಳೆ. ಅಲ್ಲಿಗೆ ಮುಗಿಯಿತು.

ಒಂದು ಮಾತ್ರ ವಿಚಿತ್ರ. ಅವಳು ಹತ್ತುವಾಗಲೂ ಮುಖವನ್ನು ಸಮುದ್ರದ ಕಡೆಗೇ ಇಟ್ಟಿರುತ್ತಾಳೆ. ಬಂದ ದಾರಿ ಮರೆಯಬಾರದೆಂದು ಇರಬಹುದು.

ಮಗಳು ಇದನ್ನೇ ಏಕೆ ಹಿಡಿದಿದ್ದಳೆಂದು ಈಗ ಅರ್ಥವಾಯಿತು. ಗುಣವಾಗಿ ಮನೆಗೆ ಬರುತ್ತೇನೆ ಎಂದೇ ಅವಳು ನಂಬಿದ್ದಳು. ಅಕ್ಟೋಬರಿನಲ್ಲಿ ಆ ಹುಡುಗಿಯ ಕೋಟಿನಂಥದ್ದೇ ಹೊಲಿದು ಕೊಡು ಎಂದು ಹಟ ಹಿಡಿದಿದ್ದಳು. ಅಳತೆ ತೆಗೆಯಲು ಹೋದರೆ, “ನಂಗೆ ನಿಂತ್ಕೊಳ್ಳೋಕಾಗಲ್ಲ ಅಪ್ಪ, ನಿನ್ ಅಳತೆಗೇ ಹೊಲಿ” ಎಂದಳು. “ಅಯ್ಯೋ, ಅದರೊಳಗೆ ನಿನ್ನಂಥೋರು ಇಬ್ಬರು ಹಿಡೀತಾರಲ್ಲೇ” ಎಂದೆ. “ತುಂಬ್ಕೋತೀನಿ ಬಿಡು” ಎಂದಳು. ಪುಸ್ತಕದಲ್ಲೂ ಅದು ಆ ಹುಡುಗಿಗೆ ದೊಡ್ಡದೇ, ಮೊಣಕಾಲು ದಾಟುತ್ತದೆ. ಹೊಲಿದು ತಂದಾಗ ಒಂದು ಸಲ ಮೈಮೇಲೆ ಹೊದ್ದುಕೊಂಡಳು, ಆಮೇಲೆ “ಹಿಡ್ಕೋ” ಎಂದು ನನ್ನ ಕೈಗೇ ಕೊಟ್ಟಳು. ಮನೆಗೆ ಬಂದ ಮೇಲೆ ಹಾಕಿಕೊಳ್ಳುತ್ತಾಳೆ ಎಂದು ಬೀರುವಿನಲ್ಲಿ ತೂಗುಹಾಕಿದೆ.

ಅವಳು ಹೆದರದೆ ಹೋದಳು, ಗೂಬಮ್ಮ. ಕೊನೆಯವರೆಗೂ ಮುಂದೆ ಊಟದ ಮನೆ ಇದೆ ಎಂದೇ ಇದ್ದಳು. ಇದು ತಿಳಿದ ಮೇಲೆ ರಾತ್ರಿ ಸ್ವಲ್ಪ ನಿದ್ದೆ ಹತ್ತುತ್ತಿದೆ. ಅನ್ನ ಗಂಟಲಲ್ಲಿ ಇಳಿಯುತ್ತಿದೆ. ನನಗೆ ಬೇಕಾಗಿದ್ದುದು ಇಷ್ಟೇ.

ಅಳಿಲಿನ ಅಪ್ಪ

ಮಾರ್ಚ್ 14
(ಕಳಿಸದ ಪತ್ರ)

ಅಂಕಲ್,

ಇದನ್ನು ಹೇಗೆ ಹೇಳಬೇಕು ಗೊತ್ತಾಗುತ್ತಿಲ್ಲ. ಜಪಾನಿನ ಪುಸ್ತಕ ನಮ್ಮ ಪುಸ್ತಕದ ಹಾಗಲ್ಲ. ಬಲಗಡೆಯಿಂದ ಎಡಕ್ಕೆ ಓದಬೇಕು. ನಮಗೆ ಯಾವುದು ಕೊನೆಯ ಪುಟವೋ ಅದೇ ಅದರ ಮೊದಲನೆಯದು. ನೀವು ಹೊದಿಕೆ ಅಂಟಿಸಿ ಮುಚ್ಚಿದ ನೋಟೀಸಿನಲ್ಲಿ ಬರೆದಿರುವುದೇ ಅದು: ‘ನಿಲ್ಲಿ, ನೀವು ತಪ್ಪು ಕಡೆಯಿಂದ ಓದುತ್ತಿದ್ದೀರಿ’.

ಆ ಹುಡುಗಿ ಮೆಟ್ಟಿಲು ಹತ್ತುವುದಿಲ್ಲ, ಇಳಿಯುತ್ತಾಳೆ. ಯಾರೂ ಅವಳಿಗೆ ಏನೂ ಕೊಡುವುದಿಲ್ಲ. ಅವಳೇ ಒಂದೊಂದಾಗಿ ಎಲ್ಲವನ್ನೂ ಕೊಟ್ಟುಬಿಡುತ್ತಾಳೆ. ಕೊನೆಗೆ ಕೋಟನ್ನು ದಡದವನ ಕೈಗೆ ಕೊಟ್ಟು ದೋಣಿ ಹತ್ತುತ್ತಾಳೆ. ದೋಣಿ ಚುಕ್ಕೆಯಾಗಿ ಮಾಯವಾದ ಮೇಲೆ ಅವನು ಕೋಟನ್ನು ಕಂಬಕ್ಕೆ ನೇತುಹಾಕಿ ಮನೆಗೆ ಹತ್ತಿ ಹೋಗುತ್ತಾನೆ. ಕೊನೆಯ ಪುಟ ಬಿಳಿ.

ಅಳಿಲಿಗೆ ಇದು ಚೆನ್ನಾಗಿ ಗೊತ್ತಿತ್ತು. ಅಕ್ಟೋಬರಿನಲ್ಲಿ ಅವಳ ಬಣ್ಣದ ಪೆನ್ಸಿಲ್ ಡಬ್ಬಿ ನನಗೆ ಅಂಚೆಯಲ್ಲಿ ಬಂತು. ಜೊತೆಗೆ ಕಾಗದವಿರಲಿಲ್ಲ. ನನಗೆ ಆಗಲೇ ಅರ್ಥವಾಗಿತ್ತು.

ನಿಮಗೆ ನಿದ್ದೆ ಹತ್ತುತ್ತಿದೆ ಅಂತ ಬರೆದಿದ್ದೀರಿ. ನಾನು ಯಾರು ಅದನ್ನು

ಮಾರ್ಚ್ 20

ಅಂಕಲ್,

ತಡವಾಯಿತು, ಗೋದಾಮಿನಲ್ಲಿ ಸರಕು ಜಾಸ್ತಿ. ಪುಸ್ತಕವನ್ನು ನೀವು ಹೇಳಿದ ರೀತಿ ನನಗೆ ತುಂಬ ಹಿಡಿಸಿತು. ಅಷ್ಟು ಚೆನ್ನಾಗಿ ನಮ್ಮ ಗುಂಪಿನಲ್ಲಿ ಯಾರೂ ಹೇಳಿಲ್ಲ.

ಇಲ್ಲಿ ಸಿನಿಮಾದ ತುಣುಕು ಬಂದಿದೆ. ದೊಡ್ಡ ರಾದ್ಧಾಂತ. ಹುಡುಗಿಯ ವಿಗ್ಗು ಕಸಪೊರಕೆಯ ಹಾಗಿದೆ. ಆ ನಟಿಗೆ ನಮ್ಮ ಹುಡುಗಿಯ ಎರಡರಷ್ಟು ವಯಸ್ಸು. ಸಮುದ್ರವಂತೂ ಈಜುಕೊಳದ ಥರ. ಅಂಥದ್ದನ್ನು ನೋಡಿ ಮನಸ್ಸು ಕೆಡಿಸಿಕೊಳ್ಳಬೇಡಿ. ಪುಸ್ತಕವೇ ಸಾಕು ನಿಮಗೆ.

ಊಟ ಬಿಡಬೇಡಿ.

ಗೂಬೆ

ಏಪ್ರಿಲ್ 22

ಗೂಬಮ್ಮ,

ನಮ್ಮ ಅಂಗಡಿಯಲ್ಲಿ ಇಸ್ತ್ರಿ ಮಾಡುವ ಹೆಂಗಸು ಒಬ್ಬಳಿದ್ದಾಳೆ. ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ಅವಳ ಫೋನಿನಲ್ಲಿ ನಿಮ್ಮ ಗುಂಪು ಸಿಕ್ಕಿತು. ಈಗ ಚಹಾ ಹೊತ್ತಿನಲ್ಲಿ ಅವಳು ಓದಿ ಹೇಳುತ್ತಾಳೆ, ನಾನು ಗುಂಡಿ ಹಾಕುತ್ತ ಕೇಳುತ್ತೇನೆ.

“ಮಾಸ್ಟ್ರೇ, ನಿಮ್ ಪುಸ್ತಕದ ಜನ ಮತ್ತೆ ಕಿತ್ತಾಡ್ತಿದಾರೆ ನೋಡಿ. ಕೋಟು ಬೂದಿ ಬಣ್ಣ ಆಗ್ಬೇಕಿತ್ತಂತೆ, ನೀಲಿ ಮಾಡ್ಬಿಟ್ಟಿದಾರಂತೆ.”

“ಮುಖಪುಟದಲ್ಲಿ ನೀಲೀನೇ ಇದೆಯಲ್ಲ?”

“ಒಳಗೆಲ್ಲಾ ಕಪ್ಪು-ಬಿಳುಪು ತಾನೇ? ಮತ್ತೆ ಬೂದಿ ಅಂತ ಇವರಿಗೆ ಯಾರು ಕನಸಲ್ಲಿ ಬಂದು ಹೇಳಿದ್ರು? ನಮ್ ಗಿರಾಕಿಗಳೇ ವಾಸಿ ಬಿಡಿ. ಕಲೆ ಹೋಗಿಲ್ಲ ಅಂತ ಮಾತ್ರ ಕಿರುಚ್ತಾರೆ.”

ಕೂದಲಿನ ಮಾತು ಓದಿ ಅವಳು ತುಂಬ ನಕ್ಕಳು. ನಿನ್ನ ಕಿರುಚಾಟವನ್ನೂ ಓದಿದಳು. ‘ಈ ನಿರ್ದೇಶಕನಿಗೆ ಕಣ್ಣಿನ ಆಸ್ಪತ್ರೆ ವಿಳಾಸ ಕೊಡಿ’ ಎಂದು ನೀನೇ ಬರೆದದ್ದಂತೆ. ನಿನ್ನ ಕಾಗದಗಳಲ್ಲಿ ಇರುವ ಹುಡುಗಿ ಬೇರೆಯವಳೇ ಅನ್ನಿಸಿತು.

ಒಂದು ವಿಷಯ ಮಾತ್ರ ಅರ್ಥವಾಗಲಿಲ್ಲ. ಸಿನಿಮಾದ ತುಣುಕಿನಲ್ಲಿ ದಡದ ಮನುಷ್ಯ ಕೋಟು ಹಿಡಿದು ನಿಂತೇ ಇದ್ದಾನೆ. ಅದಕ್ಕೆ ನಿಮ್ಮವರಿಗೆಲ್ಲ ಸಿಟ್ಟು. ‘ಅವನು ಕೋಟನ್ನು ಕಂಬಕ್ಕೆ ನೇತುಹಾಕಬೇಕು, ಅದೇ ಕಥೆಯ ಜೀವ’ ಎಂದು ಬರೆದಿದ್ದಾರೆ. ಅವನು ನೇತುಹಾಕುವುದೆಲ್ಲಿ, ಕಂಬದಿಂದ ತೆಗೆಯುವವನಲ್ಲವೇ? ಇಷ್ಟು ಜನ ಪುಸ್ತಕ ಸರಿಯಾಗಿ ನೋಡದೆ ಜಗಳವಾಡುತ್ತಾರೆಯೇ? ನೀನು ತಿಳಿಸಿ ಹೇಳು.

ಮೊದಲ ದಿನವೇ ಹೋಗುವುದೆಂದು ನಿಶ್ಚಯಿಸಿದ್ದೇನೆ. ಅವಳು ಪುಸ್ತಕದಲ್ಲಿ ಊಟದ ಮನೆಯ ಬಾಗಿಲನ್ನು ಬರೀ ಗೆರೆಗಳಲ್ಲಿ ನೋಡಿದಳು. ನಾನು ಅದು ನಿಜವಾಗಿ ತೆರೆಯುವುದನ್ನು ನೋಡಬೇಕು.

ಅಳಿಲಿನ ಅಪ್ಪ

ಮೇ 2

ಅಂಕಲ್,

ದಯವಿಟ್ಟು ಹೋಗಬೇಡಿ.

ನಾನು ನಾಟಕ ಮಾಡುತ್ತಿಲ್ಲ. ಇಂಥ ಸಿನಿಮಾಗಳನ್ನು ನಾನು ಬಹಳ ನೋಡಿದ್ದೇನೆ. ಒಂದಾದರೂ ಪುಸ್ತಕಕ್ಕೆ ನ್ಯಾಯ ಮಾಡಿಲ್ಲ. ಅವರು ಕಥೆಯನ್ನೇ ಬದಲಾಯಿಸುತ್ತಾರೆ, ಕೊನೆಯನ್ನು ಬದಲಾಯಿಸುತ್ತಾರೆ. ಒಮ್ಮೆ ಅವರ ಮುಖಗಳನ್ನು ನೋಡಿದರೆ ಪುಸ್ತಕ ತೆರೆದಾಗಲೆಲ್ಲ ಅವೇ ಕಣ್ಣೆದುರು ಬರುತ್ತವೆ. ನಿಮ್ಮ ಹತ್ತಿರ ಇರುವ ‘ಮೆಟ್ಟಿಲು’ ಎಲ್ಲರದಕ್ಕಿಂತ ಒಳ್ಳೆಯದು. ಅದನ್ನು ಹಾಗೇ ಇಟ್ಟುಕೊಳ್ಳಿ.

ಕೋಟಿನ ವಿಷಯ ದೊಡ್ಡದಲ್ಲ. ಅವರಿಗೆ ಜಗಳಕ್ಕೆ ಏನಾದರೂ ಬೇಕು.

ಗೂಬೆ

ಜೂನ್ 28

ಗೂಬಮ್ಮ,

ನಿನ್ನ ಕಾಗದ ಓದಿ ನಕ್ಕೆ. ಅರ್ಧ ಬೆರಳು ಉದ್ದವಾಯಿತೆಂದು ಪ್ಯಾಂಟನ್ನು ವಾಪಸು ತಂದು ಮೇಜಿನ ಮೇಲೆ ಎಸೆಯುವ ಗಿರಾಕಿಗಳ ಜಾತಿಯವಳು ನೀನು. ಪ್ರೀತಿ ಹೆಚ್ಚಾದಾಗ ಹೀಗಾಗುತ್ತದೆ. ನನ್ನ ಮಗಳೂ ಹಾಗೇ ಇದ್ದಳು. ಕೋಟಿಗೆ ನಾನು ಹಾಕಿದ ಗುಂಡಿಗಳನ್ನು ಎರಡು ಸಲ ಬಿಚ್ಚಿಸಿದಳು.

ನಿನಗೊಂದು ಸಂಗತಿ ಹೇಳಿರಲಿಲ್ಲ. ಕೊನೆಯ ವಾರಗಳಲ್ಲಿ ಅವಳು ತನ್ನ ಸಾಮಾನನ್ನೆಲ್ಲ ಹಂಚಿಬಿಟ್ಟಳು. ಬಾಚಣಿಗೆಯನ್ನು ನರ್ಸಮ್ಮನಿಗೆ, ಮನೆಯ ಚಪ್ಪಲಿಯನ್ನು ಪಕ್ಕದ ಹಾಸಿಗೆಯವಳಿಗೆ. ಇಸ್ತ್ರಿಯವಳಿಗೆ ತನ್ನ ಕಾಲ್ಗೆಜ್ಜೆ ಕಳಿಸಿದಳು. “ಯಾಕೇ ಇದೆಲ್ಲಾ?” ಎಂದರೆ “ಭಾರ ಅಪ್ಪ” ಎನ್ನುತ್ತಿದ್ದಳು. ಮನೆಗೆ ಹೊರಡುವ ಮುಂಚೆ ಗಂಟು ಹಗುರ ಮಾಡಿಕೊಳ್ಳುತ್ತಿದ್ದಾಳೆ ಎಂದು ನಾನು ಸಂತೋಷಪಟ್ಟೆ. ಪುಸ್ತಕದಲ್ಲಿ ಜನ ಆ ಹುಡುಗಿಗೆ ಕೊಟ್ಟಂತೆ ಇವಳೂ ಬೇರೆಯವರಿಗೆ ಕೊಡಬೇಕೆಂದು ಕಲಿತಳು ಅಂತ ಕಾಣುತ್ತದೆ.

ನಾನು ಹೋಗಿಯೇ ಹೋಗುತ್ತೇನೆ. ಇಸ್ತ್ರಿಯವಳೂ ಬರುತ್ತಾಳಂತೆ. “ಸತ್ತೋಗಿರೋ ಸೀರೆಗಳ ಜೊತೆ ಎಷ್ಟು ದಿನ ಬಡಿದಾಡೋದು, ನಂಗೂ ಒಂದು ಸಿನಿಮಾ ತೋರಿಸಿ” ಎನ್ನುತ್ತಾಳೆ.

ಅಳಿಲಿನ ಅಪ್ಪ

ಆಗಸ್ಟ್ 9

ಗೂಬಮ್ಮ,

ನೀನು ಹೇಳಿದ್ದು ನಿಜ. ಹಾಳು ಮಾಡಿಬಿಟ್ಟಿದ್ದಾರೆ. ವಿಗ್ಗಲ್ಲ, ಬಣ್ಣವಲ್ಲ. ಅವರು ಕಥೆಯನ್ನು ತಲೆಕೆಳಗು ಮಾಡಿದ್ದಾರೆ.

ಚಿತ್ರಮಂದಿರದ ಹೊರಗೆ ನಿಮ್ಮಂಥ ಮಕ್ಕಳು ತುಂಬ ಇದ್ದರು. ಸುಮಾರು ಜನ ಆ ಹುಡುಗಿಯ ಕೋಟಿನಂಥದ್ದನ್ನೇ ಹಾಕಿಕೊಂಡು ಬಂದಿದ್ದರು. ಒಬ್ಬಳ ಗುಂಡಿ ನೂಲಿನಲ್ಲಿ ನೇತಾಡುತ್ತಿತ್ತು. ನನ್ನ ಜೇಬಿನಲ್ಲಿ ಯಾವಾಗಲೂ ಸೂಜಿ ದಾರ ಇರುತ್ತದೆ, ನಿಂತಲ್ಲೇ ಹೊಲಿದು ಕೊಟ್ಟೆ. “ಥ್ಯಾಂಕ್ಸ್ ಅಂಕಲ್. ನೀವೂ ಫ್ಯಾನಾ?” ಎಂದಳು. “ಹೌದಮ್ಮ” ಎಂದೆ. ಹಾಗೆ ಹೇಳಿದಾಗ ಒಂಥರಾ ಹೆಮ್ಮೆಯಾಯಿತು.

ಸಿನಿಮಾ ಊಟದ ಮನೆಯಿಂದಲೇ ಶುರುವಾಯಿತು. ಕೊನೆಯನ್ನು ಮೊದಲು ತೋರಿಸಿ ಆಮೇಲೆ ಹಿಂದಕ್ಕೆ ಹೋಗುತ್ತಾರೆ, ಸಿನಿಮಾದವರು ಹಾಗೆ ಮಾಡುವುದುಂಟು ಎಂದು ಸಮಾಧಾನ ಮಾಡಿಕೊಂಡೆ. ಆದರೆ ಅವಳು ಇಳಿಯತೊಡಗಿದಳು. ಬಾಚಣಿಗೆಯನ್ನು ಅಜ್ಜಿಗೆ ಕೊಟ್ಟಳು. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಇಳಿದಳು. ಕೂದಲು ಹೋಯಿತು. ಈಗ ತಿರುಗಿ ಹತ್ತುತ್ತಾಳೆ, ಈಗ ಹತ್ತುತ್ತಾಳೆ ಎಂದು ಕಾದೆ. ದೋಣಿ ಹತ್ತಿದಾಗ ನಾನು ಎದ್ದು ನಿಂತೆನಂತೆ. “ಮಾಸ್ಟ್ರೇ, ಕೂತ್ಕೊಳ್ಳಿ, ಹಿಂದಿನೋರು ಬೈತಾರೆ” ಎಂದು ಇಸ್ತ್ರಿಯವಳು ಅಂಗಿ ಹಿಡಿದು ಎಳೆದಳು. ಮೊದಲಲ್ಲಿ ಬರಬೇಕಾದ ಮನುಷ್ಯನನ್ನು ಕೊನೆಯಲ್ಲಿ ಇಟ್ಟಿದ್ದಾರೆ. ಅವನು ಕೋಟು ಹಿಡಿದು ನಿಂತಿದ್ದ, ಸಮುದ್ರದಲ್ಲಿ ಏನೂ ಇರಲಿಲ್ಲ, ಚಿತ್ರಮಂದಿರದ ದೀಪ ಹತ್ತಿತು.

ಹೊರಗೆ ಬಂದರೆ ಮಕ್ಕಳೆಲ್ಲ ಜಗಳವಾಡುತ್ತಿದ್ದರು. ವಿಗ್ಗಿನ ಬಗ್ಗೆ, ಕೋಟಿನ ಬಗ್ಗೆ, ಕಂಬದ ಬಗ್ಗೆ. ಹುಡುಗಿಯನ್ನು ಸಮುದ್ರಕ್ಕೆ ಕಳಿಸಿಬಿಟ್ಟರಲ್ಲ ಎಂದು ಒಬ್ಬರೂ ಕೇಳಲಿಲ್ಲ. ನಾನೇ ಕೇಳಿದೆ, ಆ ಗುಂಡಿಯ ಹುಡುಗಿಯನ್ನು. ಅವಳು ನನ್ನ ಮುಖ ನೋಡಿ, “ಹಂಗೇ ಅಲ್ವಾ ಅಂಕಲ್ ಇರೋದು?” ಎಂದಳು.

ಗೂಬಮ್ಮ, ನಿನ್ನ ಮಾತಿಗೆ ಅಲ್ಲಿ ಬೆಲೆ ಇದೆ. ನನ್ನ ಈ ಕಾಗದವನ್ನು ಗುಂಪಿನಲ್ಲಿ ಹಾಕು. ಇಷ್ಟು ಜನ ವಿಗ್ಗಿಗೆ ಸಿಟ್ಟಾಗಬಹುದಾದರೆ ಇದಕ್ಕೂ ಆಗಬೇಕು. ಎಲ್ಲರೂ ಸೇರಿ ಕೇಳಿದರೆ ಕೊನೆಯನ್ನು ಸರಿಮಾಡಬಹುದೇನೋ.

ಅಳಿಲಿನ ಅಪ್ಪ

ಆಗಸ್ಟ್ 16

ಅಂಕಲ್,

ನಿಮ್ಮ ಕಾಗದವನ್ನು ಹಾಕಿದ್ದೇನೆ. ಎಲ್ಲರೂ ನಿಮ್ಮ ಪರವಾಗಿಯೇ ಬರೆದಿದ್ದಾರೆ. ಆದರೆ ಸಿನಿಮಾ ಒಮ್ಮೆ ಬಿಡುಗಡೆಯಾದ ಮೇಲೆ ಏನೂ ಮಾಡಲಾಗುವುದಿಲ್ಲ. ಮರೆತುಬಿಡಿ. ಇನ್ನು ಆ ಗುಂಪನ್ನು ನೋಡುವುದೂ ಬೇಡ, ಬರೀ ಹೊಲಸು ಮಾತು.

ಪುಸ್ತಕ ನಿಮ್ಮ ಹತ್ತಿರ ಇದೆಯಲ್ಲ. ಅದೇ ನಿಜ.

ಗೂಬೆ

ಆಗಸ್ಟ್ 30

ಗೂಬಮ್ಮ,

ಇಸ್ತ್ರಿಯವಳು ಇಡೀ ಗುಂಪಿನಲ್ಲಿ ಹುಡುಕಿದಳು. ನನ್ನ ಕಾಗದ ಎಲ್ಲಿಯೂ ಇರಲಿಲ್ಲ. “ನಿಮ್ ಗೂಬೆ ಮರೆತಿರ್ಬೇಕು ಮಾಸ್ಟ್ರೇ, ನಾನೇ ಹಾಕ್ತೀನಿ” ಎಂದು ನಾನು ಹೇಳಿದ್ದನ್ನು ಬರೆದು ಹಾಕಿದಳು.

ಸಂಜೆಯ ಹೊತ್ತಿಗೆ ರಾಶಿ ಉತ್ತರ ಬಂದಿತ್ತು. ಅವಳು ಮೊದಲ ಒಂದೆರಡನ್ನು ಜೋರಾಗಿ ಓದಿದಳು, ಆಮೇಲೆ ಬಾಯಿ ಮುಚ್ಚಿ ಒಬ್ಬಳೇ ಓದಿಕೊಂಡಳು. “ಏನಂತೆ?” ಎಂದೆ. “ಏನಿಲ್ಲ, ತಲೆಹರಟೆಗಳು” ಎಂದಳು. ಇಸ್ತ್ರಿ ಪೆಟ್ಟಿಗೆಯನ್ನು ಅಂಗಿಯ ಮೇಲೆ ಹಾಗೇ ಬಿಟ್ಟಿದ್ದಳು, ಸುಟ್ಟ ವಾಸನೆ ಬಂತು. ಫೋನು ನಾನೇ ತೆಗೆದುಕೊಂಡು ಓದಿದೆ. ನಗುವ ಮುಖಗಳ ಚಿತ್ರ ಬಹಳ ಇದ್ದವು. ಒಬ್ಬರು ಮಾತ್ರ ಮರ್ಯಾದೆಯಿಂದ ಬರೆದಿದ್ದರು: ‘ಅಂಕಲ್, ಸಿನಿಮಾ ಸರಿಯಾಗಿದೆ. ಪುಸ್ತಕವನ್ನು ನೀವು ಇನ್ನೊಂದು ಕಡೆಯಿಂದ ಓದಬೇಕು.’

ಮನೆಗೆ ಬಂದು ಹೊದಿಕೆಯ ಮಡಿಕೆಗೆ ಒದ್ದೆ ಬಟ್ಟೆ ಇಟ್ಟು ಬಿಡಿಸಿದೆ. ಅಕ್ಷರ ಕೂಡಿಸಿ ಓದುವಷ್ಟು ಇಂಗ್ಲಿಷು ನನಗೂ ಬರುತ್ತದೆ.

ಒಂದೇ ಪ್ರಶ್ನೆ ಇದೆ. ನನ್ನ ಮಗಳು ಯಾವ ಕಡೆಯಿಂದ ಓದುತ್ತಿದ್ದಳು?

ಸೆಪ್ಟೆಂಬರ್ 8

ಅಂಕಲ್,

ನಿಮ್ಮ ಕಾಗದವನ್ನು ನಾನು ಹಾಕಲಿಲ್ಲ. ಅವರು ನಗುತ್ತಾರೆಂದು ಗೊತ್ತಿತ್ತು. ನಗುವವರಲ್ಲಿ ನಾನೂ ಒಬ್ಬಳಾಗಿರುತ್ತಿದ್ದೆ, ಬೇರೆ ಯಾರದ್ದಾದರೂ ಕಾಗದವಾಗಿದ್ದರೆ.

ನಿಮ್ಮ ಪ್ರಶ್ನೆಗೆ ಉತ್ತರ: ಅಳಿಲು ನಿಮ್ಮ ಕಡೆಯಿಂದಲೇ ಓದುತ್ತಿದ್ದಳು. ಎಡದಿಂದ. ಅದಕ್ಕೇ ನಮ್ಮಿಬ್ಬರಿಗೆ ಮೊದಲ ಜಗಳ ಆದದ್ದು. ನಾನು ‘ತಪ್ಪು’ ಅಂದೆ, ಅವಳು ‘ನನಗೆ ಹೀಗೇ ಬೇಕು, ಹುಡುಗಿ ಮನೆಗೆ ಬರಬೇಕು’ ಅಂದಳು. ಕೊನೆಯವರೆಗೂ ಹಾಗೆಯೇ ಓದಿದಳು. ನೀವು ಅವಳ ಬಗ್ಗೆ ಅಂದುಕೊಂಡದ್ದರಲ್ಲಿ ಒಂದೂ ತಪ್ಪಿಲ್ಲ.

ದಯವಿಟ್ಟು ನಂಬಿ.

ಗೂಬೆ

ಅಕ್ಟೋಬರ್ 11

ಅಂಕಲ್,

ಹೇಗಿದ್ದೀರಿ? ಹೋದ ತಿಂಗಳ ಕಾಗದ ತಲುಪಿತೇ? ಒಂದು ಸಾಲು ಸಾಕು.

ನಾನು ಗುಂಪು ಬಿಟ್ಟೆ. ಅಲ್ಲಿ ಈಗ ಬೇರೆ ಪುಸ್ತಕ, ಬೇರೆ ಸಿನಿಮಾ, ಅದೇ ಜಗಳ.

ಗೂಬೆ

ನವೆಂಬರ್ 5

ಅಂಕಲ್,

ಬೈಯುವುದಿದ್ದರೆ ಬೈದು ಬರೆಯಿರಿ.

ಗೂಬೆ

ಡಿಸೆಂಬರ್ 1

ಗೂಬಮ್ಮ,

ನಿನ್ನ ಮೂರು ಕಾಗದಗಳೂ ತಲುಪಿದವು. ಬೈಯುವಂಥದ್ದೇನಿಲ್ಲ. ಬರೆಯಲು ಕೂತರೆ ಏಳುವುದು ಕಷ್ಟವಾಗುತ್ತಿತ್ತು, ಅಷ್ಟೇ. ಕೆಲಸಕ್ಕೆ ಹೋಗುತ್ತಿದ್ದೇನೆ. ಇಸ್ತ್ರಿಯವಳು ಈಗ ಜೋಕು ಮಾಡುವುದಿಲ್ಲ, ಡಬ್ಬಿಯ ಮುಚ್ಚಳದಲ್ಲಿ ಅನ್ನ ಹಾಕಿ ಮುಂದೆ ಇಡುತ್ತಾಳೆ. ತಿನ್ನದಿದ್ದರೆ ಬೈಯುತ್ತಾಳೆ. ತಿನ್ನುತ್ತೇನೆ.

ನೀನು ಸುಳ್ಳು ಬರೆದೆ. ಒಳ್ಳೆಯ ಸುಳ್ಳು, ಚೆನ್ನಾಗಿ ಹೊಲಿದದ್ದು. ಆದರೆ ಅವಳು ಎಡಗೈಯಲ್ಲಿ ಪುಟ ಮಗುಚುತ್ತಿದ್ದುದನ್ನು ನಾನು ಪಕ್ಕದ ಸ್ಟೂಲಿನ ಮೇಲೆ ಕೂತು ತಿಂಗಳುಗಟ್ಟಲೆ ನೋಡಿದ್ದೇನೆ. ಡ್ರಿಪ್ಪಿನ ಸೂಜಿ ತೆಗೆದ ದಿನಗಳಲ್ಲೂ ಎಡಗೈಯಲ್ಲೇ, ಹಿಂದಿನಿಂದ ಮುಂದಕ್ಕೆ. ನಿನಗೆ ಮೊದಲ ಕಾಗದದಲ್ಲೇ ಬರೆದಿದ್ದೆ, ನಾನೇ ಓದಿಕೊಳ್ಳಲಿಲ್ಲ.

ಪುಸ್ತಕವನ್ನು ಬಲಗಡೆಯಿಂದ ಒಂದು ಸಲ ಓದಿದೆ. ಬಾಚಣಿಗೆ ಅಜ್ಜಿಗೆ, ಬಾಚಣಿಗೆ ನರ್ಸಮ್ಮನಿಗೆ. ಚಪ್ಪಲಿ, ಚಪ್ಪಲಿ. ಗಂಟೆ, ಗೆಜ್ಜೆ. ಒಂದು ಮೆಟ್ಟಿಲೂ ಬಿಡದೆ ಇಳಿದಿದ್ದಾಳೆ. ನಿನಗೂ ಏನಾದರೂ ಕೊಟ್ಟಿರುತ್ತಾಳೆ. ಏನೆಂದು ಹೇಳಬೇಡ. ನಿನ್ನ ಹತ್ತಿರವೇ ಇರಲಿ. ಇಷ್ಟು ದಿನ ಆ ಚಿತ್ರಗಳಲ್ಲಿ ಎರಡು ಕೈ ಒಂದು ವಸ್ತು ಹಿಡಿದಿದ್ದನ್ನು ನೋಡಿ, ಯಾರು ಕೊಡುವವರು ಯಾರು ತೆಗೆದುಕೊಳ್ಳುವವರು ಎಂದು ನನಗೆ ಅನುಮಾನವೇ ಬಂದಿರಲಿಲ್ಲ.

ಅವಳಿಗೆ ಎಲ್ಲ ಗೊತ್ತಿತ್ತು. ನಾನು ಪಕ್ಕದಲ್ಲಿ ಕೂತು, “ಮುಂದಿನ ತಿಂಗಳು ಮನೆಗೆ ಹೋಗೋಣ, ಕಿಟಕಿಗೆ ಹೊಸ ಪರದೆ ಹೊಲೀತೀನಿ” ಎನ್ನುತ್ತಿದ್ದೆ. “ಯಾವ್ ಬಣ್ಣ ಅಪ್ಪ?” ಎಂದು ಕೇಳುತ್ತಿದ್ದಳು. ನನಗೋಸ್ಕರ ಕೇಳುತ್ತಿದ್ದಳು. ಅವಳು ಹೆದರಿದ್ದಳೋ ಏನೋ, ಅದನ್ನು ಹೇಳಿಕೊಳ್ಳಲು ನಾನು ಜಾಗವನ್ನೇ ಕೊಡಲಿಲ್ಲ. ಪರದೆಯ ಮಾತು ತುಂಬಿಬಿಟ್ಟೆ.

ನಿನ್ನೆ ಬೀರುವಿನಿಂದ ಕೋಟು ತೆಗೆದೆ. ನನ್ನ ಅಳತೆಗೆ ನಾನೇ ಕತ್ತರಿಸಿದ್ದು. ಭುಜ ನನ್ನದು, ತೋಳಿನ ಉದ್ದ ನನ್ನದು, ಸೊಂಟವೂ ನನ್ನದೇ. ಅದು ಅವಳಿಗೆ ಎಂದೂ ಆಗುತ್ತಿರಲಿಲ್ಲ. ಇಷ್ಟು ವರ್ಷ ಬಟ್ಟೆ ಹೊಲಿದವನಿಗೆ ಅದು ಯಾರ ಕೋಟು ಎಂದು ತಿಳಿಯಲಿಲ್ಲ. ಕಂಬಕ್ಕೆ ನೇತುಹಾಕಬೇಡ, ಹಾಕಿಕೊಂಡು ಮನೆಗೆ ಹೋಗು ಎಂದು ಅವಳ ಮನಸ್ಸಿನಲ್ಲಿ ಇತ್ತು ಅಂತ ಕಾಣುತ್ತದೆ. “ಹಿಡ್ಕೋ” ಎಂದಷ್ಟೇ ಹೇಳಿದಳು.

ಹಾಕಿಕೊಂಡು ನೋಡಿಲ್ಲ. ನನ್ನಿಂದ ಆಗುವುದಿಲ್ಲ.

ಪುಸ್ತಕದಲ್ಲಿ ಅವನು ಕೋಟನ್ನು ನೇತುಹಾಕಿ ಮೆಟ್ಟಿಲು ಹತ್ತಿ ಹೋಗುತ್ತಾನೆ. ಮೇಲೆ ಅವನಿಗೊಂದು ಮನೆ ಇರಬೇಕು, ಊಟಕ್ಕೆ ಕಾಯುವವರು ಇರಬೇಕು. ಸಿನಿಮಾದವನು ಹಾಗೇ ನಿಂತಿದ್ದಾನೆ. ನಿಮ್ಮವರು ಅದನ್ನು ದೊಡ್ಡ ತಪ್ಪು ಎಂದು ಬರೆದಿದ್ದರು. ಅವರೇ ಸರಿ ಇರಬೇಕು, ಪುಸ್ತಕ ಓದಲು ಬರುವವರು ಅವರು. ಮೊನ್ನೆ ಆ ಸಿನಿಮಾವನ್ನು ಹಳೆಯ ಟಾಕೀಸೊಂದರಲ್ಲಿ ಮತ್ತೆ ಹಾಕಿದ್ದರು, ಕೊನೆಯ ಆಟಕ್ಕೆ ನಾನೊಬ್ಬನೇ ಹೋಗಿದ್ದೆ. ಚಿತ್ರಮಂದಿರ ಹೆಚ್ಚುಕಡಿಮೆ ಖಾಲಿ. ಅವನು ಕೋಟನ್ನು ಒಳಮೈ ಹೊರಗೆ ಬರುವಂತೆ ಮಡಿಸಿ ತೋಳಿನ ಮೇಲೆ ಹಾಕಿಕೊಂಡಿದ್ದ. ಗಿರಾಕಿ ಮತ್ತೆ ಬರುತ್ತಾರೆ ಎಂದಾಗ ಧೂಳು ಕೂರದಿರಲೆಂದು ನಾವು ಹಾಗೆ ಮಡಿಸುತ್ತೇವೆ. ದೀಪ ಹತ್ತಿ ಗುಡಿಸುವವರು ಒಳಗೆ ಬಂದರು.

ನಾನೂ ಹಾಗೆಯೇ ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಅಳಿಲಿನ ಅಪ್ಪ